ರಾಯರಿಗೆ ಇಪ್ಪತ್ತೊಂದು ತುಂಬಿದೆಯೇ?

ರಾಯರೆಂದರೆ ಒಬ್ಬರಲ್ಲ. ಮೈಸೂರಿನ ಕುವೆಂಪುನಗರ, ಬೆಂಗಳೂರಿನ ಗಿರಿನಗರ, ಶಿವಮೊಗ್ಗದ ವಿನೋಬನಗರ, ಎಲ್ಲೇ ಆಗಲಿ, ಬೆಳಗ್ಗೆ ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೊರಡುವ ಗುಂಪಿನಲ್ಲಿ ಇಬ್ಬರಾದರೂ ರಾಯರಿರುತ್ತಾರೆ. ಗೌಡರು, ಪಾಟೀಲರು, ಶೆಟ್ಟರು ಎಂದು ಕರೆದರೂ ನಡೆಯುತ್ತದೆ, ಸರಕು ಒಂದೇ. ಸರ್ಕಾರಿ ನೌಕರಿಯಿಂದ ನಿವೃತ್ತಿ, ತಪ್ಪದೆ ಬರುವ ಪಿಂಚಣಿ, ಅಮೆರಿಕದಲ್ಲೊಬ್ಬ ಮಗ, ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ. ಜೊತೆಗೆ ವಾರಕ್ಕೊಮ್ಮೆ "ನಿದ್ದೆಗೆ ಒಳ್ಳೇದು" ಎಂದು ತೆಗೆದುಕೊಳ್ಳುವ ಎರಡು ಪೆಗ್ಗು.

ನಾನು ಹೇಳಹೊರಟಿರುವ ರಾಯರು ಮೈಸೂರು ಕಡೆಯವರು, ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿ ನಿವೃತ್ತರಾದವರು. ಕೊನೆಯ ವರ್ಷಗಳಲ್ಲಿ ಅವರ ಮೇಜಿಗೆ ಬರುತ್ತಿದ್ದದ್ದು ಪಿಂಚಣಿ ಅರ್ಜಿಗಳು. 2007ರಲ್ಲಿ ಸರ್ಕಾರ ಸಂಧ್ಯಾ ಸುರಕ್ಷಾ ಯೋಜನೆ ತಂದಾಗ 65 ದಾಟಿದ ಬಡ ಮುದುಕ ಮುದುಕಿಯರು ಮೂಲೆಮೂಲೆಯ ಹಳ್ಳಿಗಳಿಂದ ಬಂದು ಅವರೆದುರು ಸಾಲು ನಿಂತರು. ರಾಯರು ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದದ್ದು ಒಂದೇ ಮಾತು: "ಅಜ್ಜೀ, ವಯಸ್ಸಿನ ದಾಖಲೆ?" ಅಜ್ಜಿ ಬಾಯಿ ಅಗಲಿಸಿ ಒಂದೂ ಹಲ್ಲಿಲ್ಲದ ವಸಡು ತೋರಿಸುತ್ತಿದ್ದಳು. "ಬಾಯಿ ಮುಚ್ಚಮ್ಮ, ಇದು ಹಲ್ಲಿನ ಆಸ್ಪತ್ರೆಯಲ್ಲ. ಕಾಗದ ಬೇಕು, ಕಾಗದ." ಮರಿಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದ ಒಬ್ಬಾಕೆ "ಇವ್ನೇ ನನ್ ದಾಖ್ಲೆ ಬುದ್ಧಿ" ಎಂದಳಂತೆ. ಅವಳೂ ವಾಪಸು. ಅರ್ಜಿ ನಮೂನೆಯಲ್ಲಿ ಮರಿಮಗನಿಗೆ ಕಾಲಂ ಇರಲಿಲ್ಲ. ರಾಯರು ಕೆಟ್ಟವರೇನಲ್ಲ, ಎಷ್ಟೋ ಜನಕ್ಕೆ ತಾವೇ ಅರ್ಜಿ ತುಂಬಿಕೊಟ್ಟವರು. ಆದರೆ ತಲೆಗೂದಲು ನೋಡಿ ವಯಸ್ಸು ಬರೆಯುತ್ತಾ ಹೋದರೆ ನಾಳೆ ಆಡಿಟ್‌ನವರು ಬಿಡುತ್ತಾರೆಯೇ?

ಇಷ್ಟೆಲ್ಲ ದಾಖಲೆ ಕೇಳಿದ ರಾಯರದೇ ವಯಸ್ಸಿನ ಕಥೆ ಬೇರೆ. ಅವರು ಹುಟ್ಟಿದ್ದು ವಿಕೃತಿ ಸಂವತ್ಸರದ ಶ್ರಾವಣದಲ್ಲಿ, ಮಳೆಗೆ ಹಿತ್ತಿಲ ಗೋಡೆ ಬಿದ್ದ ರಾತ್ರಿ. ಇದು ಅವರ ತಾಯಿಯ ಲೆಕ್ಕ. ಕ್ಯಾಲೆಂಡರಿನ ಲೆಕ್ಕಕ್ಕೆ ತಂದರೆ 1950. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೆ ಮುಂಚೆ ಹಳ್ಳಿಯಲ್ಲಿ ಹುಟ್ಟಿದವರಿಗೆಲ್ಲ ಹುಟ್ಟಿದ ದಿನ ಕೊಡುತ್ತಿದ್ದವರು ಶಾಲೆಯ ಹೆಡ್ಮಾಸ್ತರು. ಬಲಗೈಯನ್ನು ತಲೆಯ ಮೇಲಿಂದ ಬಳಸಿ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ರಾಯರ ಕೈ ಕಿವಿಯನ್ನು ದಾಟಿ ಗಲ್ಲದವರೆಗೂ ಬಂತು. ಆದರೂ ಹೆಡ್ಮಾಸ್ತರು, "ಎರಡು ವರ್ಷ ಕಮ್ಮೀನೇ ಇರ್ಲಿ, ಮುಂದೆ ಸರ್ವೀಸಿಗೆ ಆಗುತ್ತೆ" ಎಂದು 01-06-1952 ಎಂದು ಬರೆದುಕೊಂಡರು. ಆ ತರಗತಿಯ ಮುಕ್ಕಾಲು ಪಾಲು ಹುಡುಗರು ಅದೇ ಜೂನ್ ಒಂದರಂದೇ ಹುಟ್ಟಿದರು. ತಿಂಗಳ ಮೊದಲ ತಾರೀಖು ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ನಿಯಮ. ಹಾಗಾಗಿ 2012ರ ಮೇ 31ರ ಸಂಜೆ ರಾಯರೂ ಅವರ ಜೊತೆ ಇನ್ನಿಬ್ಬರೂ ಸಾಲಾಗಿ ಕುಳಿತು ಹಾರ ಹಾಕಿಸಿಕೊಂಡರು. ಶಾಲು ಮೂರು ಒಟ್ಟಿಗೆ ಕೊಂಡದ್ದರಿಂದ ಅಂಗಡಿಯವನು ಸ್ವಲ್ಪ ಬಿಟ್ಟುಕೊಟ್ಟನಂತೆ.

ಇನ್ನು ಆ ಎರಡು ಪೆಗ್ಗಿನ ವಿಚಾರ. ಮೈಸೂರಿನಲ್ಲಿ ರಾಯರು ಬಾಟಲಿ ಕೊಳ್ಳುವ ಕ್ರಮವನ್ನು ನೋಡಿಯೇ ತಿಳಿಯಬೇಕು. ತಮ್ಮ ಬಡಾವಣೆಯ ವೈನ್ಸ್ ಅಂಗಡಿಗೆ ಅವರು ಕಾಲಿಡುವುದಿಲ್ಲ, ಅಲ್ಲಿ ಎಲ್ಲರೂ "ನಮಸ್ಕಾರ ಸಾರ್" ಎನ್ನುತ್ತಾರೆ. ಸ್ಕೂಟರಿನಲ್ಲಿ ನಂಜನಗೂಡು ರಸ್ತೆಯ ಕಡೆಗೆ ದೂರ ಹೋಗಿ, ಸ್ಕೂಟರನ್ನು ಮೆಡಿಕಲ್ ಸ್ಟೋರಿನ ಮುಂದೆ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ನಡೆದು ಬರುತ್ತಾರೆ. ಕಬ್ಬಿಣದ ಸರಳುಗಳ ನಡುವೆ ಒಂದು ಕಿಂಡಿ. ದುಡ್ಡು ಹಿಡಿದ ಕೈ ಒಳಗೆ ಹೋಗುತ್ತದೆ, ಪೇಪರ್ ಸುತ್ತಿ ಕಪ್ಪು ಕವರಿಗೆ ಹಾಕಿದ ಬಾಟಲಿ ಹಿಡಿದು ಹೊರಗೆ ಬರುತ್ತದೆ. ಬರೀ ಕೈಗೆ ವಯಸ್ಸು ಎಲ್ಲಿ ಕಾಣಬೇಕು? ಕವರು ಚೀಲದ ತಳಕ್ಕೆ, ಅದರ ಮೇಲೆ ಎರಡು ಕಟ್ಟು ದಂಟಿನ ಸೊಪ್ಪು.

ವಯಸ್ಸಿನ ವಿಚಾರದಲ್ಲಿ ನಮ್ಮ ಕಾನೂನಿಗೂ ಎರಡು ನಾಲಿಗೆ. 1965ರ ಅಬಕಾರಿ ಕಾಯ್ದೆ 18ರ ಒಳಗಿನವರಿಗೆ ಮಾರಬೇಡ ಎನ್ನುತ್ತದೆ. ಅದರ ಅಡಿಯಲ್ಲೇ ಬಂದ 1967ರ ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸಲು ಸರ್ಕಾರ ಕರಡು ಹೊರಡಿಸಿತು. ನಾಲ್ಕೂ ಕಡೆಯಿಂದ ಬೈಸಿಕೊಂಡು ಅದೇ ತಿಂಗಳು ಹಿಂದಕ್ಕೆ ತೆಗೆದುಕೊಂಡಿತು. ಕಾರವಾರದ ಹತ್ತೊಂಬತ್ತರ ಹುಡುಗ ಮಾಜಾಳಿ ದಾಟಿ ಗೋವೆಗೆ ಕಾಲಿಟ್ಟರೆ ದೊಡ್ಡವನು, ಅಲ್ಲಿ 18 ಸಾಕು. ಅವನೇ ದೆಹಲಿಗೆ ಹೋದರೆ 25ರವರೆಗೂ ಮಗು. ಆದರೆ ಕಿಂಡಿಯ ಮುಂದೆ ಇದನ್ನೆಲ್ಲ ಯಾರು ವಿಚಾರಿಸುತ್ತಾರೆ?

ಇಂತಹ ಕಿಂಡಿಗೆ ಒಗ್ಗಿದ್ದ ರಾಯರು ಒಮ್ಮೆ ಕ್ಯಾಲಿಫೋರ್ನಿಯದ ಮಗನ ಮನೆಗೆ ಬಂದಿಳಿದರು. ಶುಕ್ರವಾರ ಸಂಜೆ ದಿನಸಿಗೆಂದು ಹೊರಟ ಮಗ ಸೊಸೆಯ ಜೊತೆ ತಾವೂ ಹೊರಟರು. ಅಂಗಡಿಯಲ್ಲಿ ಮೊಸರು, ಬ್ರೆಡ್ಡು, ಕೊತ್ತಂಬರಿ ಸೊಪ್ಪು ಇರುವ ಸೂರಿನ ಕೆಳಗೇ, ಹಗಲಿನಂತಹ ಬೆಳಕಿನಲ್ಲಿ, ವಿಸ್ಕಿ ಬಾಟಲಿಗಳು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದವು. ಸರಳಿಲ್ಲ, ಕಿಂಡಿಯಿಲ್ಲ. ಮುತ್ತೈದೆಯರು ತಳ್ಳುಗಾಡಿಯಲ್ಲಿ ಮಗುವಿನ ಡಯಾಪರಿನ ಪಕ್ಕ ಬಾಟಲಿ ಮಲಗಿಸಿಕೊಂಡು ಹೋಗುತ್ತಿದ್ದರು. ರಾಯರು ಒಂದನ್ನು ಆರಿಸಿ, ಮೊಮ್ಮಗನನ್ನು ಎತ್ತಿಕೊಂಡಂತೆ ಎದೆಗವಚಿಕೊಂಡರು. ಅಲ್ಲೇ ಆದದ್ದು ಎಡವಟ್ಟು.

ಕ್ಯಾಲಿಫೋರ್ನಿಯದಲ್ಲಿ ಮದ್ಯವನ್ನು ಗಿರಾಕಿಯೇ ಬಿಲ್ ಮಾಡಿಕೊಳ್ಳುವ ಯಂತ್ರದಲ್ಲಿ ಕೊಳ್ಳುವಂತಿಲ್ಲ, ಮನುಷ್ಯರಿರುವ ಕೌಂಟರಿಗೇ ಹೋಗಬೇಕು. ಕೌಂಟರಿನಲ್ಲಿ ಇದ್ದವಳು ಹಸಿರು ಕೂದಲಿನ ಒಬ್ಬ ಹುಡುಗಿ. ಮಗನ ಡ್ರೈವಿಂಗ್ ಲೈಸೆನ್ಸಿನ ಬೆನ್ನನ್ನು ಯಂತ್ರಕ್ಕೆ ತೋರಿಸಿದಳು, ಅದು ಟಿಕ್ಕೆಂದಿತು. ಸೊಸೆಯದನ್ನೂ ತೋರಿಸಿದಳು. ಆಮೇಲೆ ಬಾಟಲಿ ಅಪ್ಪಿಕೊಂಡಿದ್ದ ರಾಯರ ಕಡೆ ತಿರುಗಿ ನಕ್ಕು, "ನಿಮ್ಮ ಐಡಿ ಸರ್?" ಎಂದಳು.

ರಾಯರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಹುಡುಗರಿರಲಿಲ್ಲ.

"ಅಪ್ಪಾ, ಪಾಸ್‌ಪೋರ್ಟ್ ತಂದಿದ್ದೀರಾ?"

"ಯಾಕೋ, ವೀಸಾ ಚೆಕಿಂಗಾ?"

"ಅಲ್ಲಪ್ಪ, ನಿಮಗೆ ಇಪ್ಪತ್ತೊಂದು ಆಗಿದೆಯಾ ಅಂತ."

ಪಾಸ್‌ಪೋರ್ಟು ಮನೆಯ ಬೀರುವಿನಲ್ಲಿ, ಸೊಸೆಯ ಒಡವೆಗಳ ಜೊತೆ ಭದ್ರವಾಗಿತ್ತು. ರಾಯರು ಪರ್ಸಿನಿಂದ ಒಂದೊಂದಾಗಿ ತೆಗೆದರು. ಪಿಂಚಣಿದಾರರ ಗುರುತಿನ ಚೀಟಿ. ಬಸ್ಸಿನ ರಿಯಾಯಿತಿಗೆ ಮಾಡಿಸಿದ ಹಿರಿಯ ನಾಗರಿಕರ ಕಾರ್ಡು. ಲ್ಯಾಮಿನೇಷನ್ ಮಾಡಿಸಿದ ಆಧಾರ್. ಹುಡುಗಿ ಆಧಾರನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡ ಅಕ್ಷರಗಳನ್ನು ಆಸೆಯಿಂದ ನೋಡಿ, ಆಗುವುದಿಲ್ಲ ಎಂದು ತಲೆಯಾಡಿಸಿದಳು. ಆಧಾರ್ ವಯಸ್ಸಿಗೆ ಪುರಾವೆಯಲ್ಲ ಎಂದು 2024ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಹೇಳಿದೆ. ಪಾಪ, ಅವಳು ತನಗೆ ಗೊತ್ತಿಲ್ಲದೆಯೇ ತೀರ್ಪನ್ನು ಪಾಲಿಸಿದಳು. ರಾಯರು ಕೊನೆಗೆ ಟೋಪಿ ತೆಗೆದು, ತಲೆ ಬಗ್ಗಿಸಿ, ನೆತ್ತಿ ತೋರಿಸಿದರು. "ಸಾರಿ ಸರ್, ಪಾಲಿಸಿ" ಎಂದಳು. ಇನ್ನು ತೋರಿಸಲು ಬಾಕಿ ಇದ್ದದ್ದು ಹಲ್ಲು. ಅದೂ ಕಟ್ಟಿಸಿಕೊಂಡದ್ದು.

ಗುಂಪಿನಲ್ಲಿ ಒಬ್ಬರ ಬಳಿ ದಾಖಲೆ ಇಲ್ಲದಿದ್ದರೂ ಕೊಡುವುದಿಲ್ಲ ಎಂಬುದು ಆ ಅಂಗಡಿಯ ಕಟ್ಟಳೆ. ಬಾಟಲಿ ಕೌಂಟರಿನ ಹಿಂದಕ್ಕೆ ಹೋಯಿತು. ಮೊಸರು, ಕೊತ್ತಂಬರಿ ಸೊಪ್ಪು ಕಾರಿಗೆ ಬಂದವು. ಊರಿನಲ್ಲಿ ಅಂಗಡಿಯವನಿಗೆ ತಾವು ಯಾರೆಂದು ತಿಳಿಯದಿರಲಿ ಎಂದು ಹೆಲ್ಮೆಟ್ ಹಾಕಿಕೊಂಡೇ ಇರುತ್ತಿದ್ದ ರಾಯರಿಗೆ, ಇಲ್ಲಿ ತಾವು ಯಾರೆಂದು ತಿಳಿಯಲಿಲ್ಲವಲ್ಲ ಎಂದೇ ಕೋಪ. "ನಾನು ರಿಟೈರಾಗೇ ಒಂದು ಕಾಲವಾಯ್ತು. ಇಪ್ಪತ್ತೊಂದಂತೆ!"

ಮಗ ಕಾರು ಓಡಿಸುತ್ತಾ ಸಮಾಧಾನ ಹೇಳಿದ. ಇಲ್ಲಿ ಅಧಿಕಾರಿಗಳು 21 ತುಂಬದ ಹುಡುಗರನ್ನೇ ಗಿರಾಕಿಗಳಂತೆ ಕಳಿಸಿ ಅಂಗಡಿಯವರನ್ನು ಪರೀಕ್ಷೆ ಮಾಡುತ್ತಾರೆ. ಸಿಕ್ಕಿಬಿದ್ದರೆ ಆ ಹುಡುಗಿಗೆ ದಂಡ, ಕೆಲಸಕ್ಕೂ ಸಂಚಕಾರ. ಹಾಗಾಗಿ ಅವಳು ಮುಖ ನೋಡಲು ಹೋಗುವುದಿಲ್ಲ. ಈ ಇಪ್ಪತ್ತೊಂದಕ್ಕೂ ಒಂದು ಕಥೆಯಿದೆ. 1971ರಲ್ಲಿ ಇಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದಾಗ ಎಷ್ಟೋ ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ರಸ್ತೆಯಲ್ಲಿ ಸಾವು ಹೆಚ್ಚಿತೆಂದು ಕೂಗೆದ್ದಿತು. ಕುಡಿದು ಕಾರು ಓಡಿಸಿದವನಿಂದ ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು 1980ರಲ್ಲಿ ಸಂಘ ಕಟ್ಟಿದಳು. 1984ರಲ್ಲಿ ಅಧ್ಯಕ್ಷ ರೇಗನ್ 21ರ ಕಾನೂನಿಗೆ ಸಹಿ ಹಾಕಿದರು. ರಾಯರು ಕಿಟಕಿಯ ಆಚೆಗೇ ನೋಡುತ್ತಿದ್ದರು. ಸಾಮಾಜಿಕ ಕಾರಣಗಳು ಅವರನ್ನು ಎಂದೂ ಅಷ್ಟಾಗಿ ತಟ್ಟಿದ್ದಿಲ್ಲ.

"ಆದ್ರೆ ಅಪ್ಪಾ, ವಯಸ್ಸು ನಿಗದಿ ಮಾಡೋ ಅಧಿಕಾರ ರಾಜ್ಯಗಳದ್ದು. ಅದಕ್ಕೆ ಕೇಂದ್ರದವರು ಏನು ಮಾಡಿದ್ರು ಅಂದ್ರೆ, 21 ಮಾಡದಿರೋ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಒಂದು ಪಾಲು ಕಟ್ ಅಂದ್ರು."

ರಾಯರು ತಟ್ಟನೆ ತಿರುಗಿದರು. "ಅನುದಾನ ಕಟ್ಟಾ?"

"ಹೂಂ. ಸೌತ್ ಡಕೋಟ ಕೋರ್ಟಿಗೆ ಹೋಯ್ತು. 1987ರಲ್ಲಿ ಸೋತಿತು. ಮುಂದಿನ ವರ್ಷದ ಹೊತ್ತಿಗೆ ಎಲ್ಲರೂ ದಾರಿಗೆ ಬಂದ್ರು."

"ಬರ್ಲೇಬೇಕಲ್ಲ!" ಎಂದರು ರಾಯರು. ಅಮೆರಿಕದ ಆಕಾಶ ಮುಟ್ಟುವ ಕಟ್ಟಡ, ಗೋಲ್ಡನ್ ಗೇಟ್ ಸೇತುವೆ ಯಾವುದೂ ಹುಟ್ಟಿಸದ ಗೌರವ ಆ ದೇಶದ ಮೇಲೆ ಅವರಿಗೆ ಆ ಕ್ಷಣದಲ್ಲಿ ಹುಟ್ಟಿತು. ಅನುದಾನ ತಡೆಹಿಡಿದು ಕೆಲಸ ಮಾಡಿಸುವ ಸರ್ಕಾರ ಎಂದರೆ ತಮ್ಮವರದೇ.

ಮುಂದಿನ ಶುಕ್ರವಾರ ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಪೋರ್ಟನ್ನೂ ಸ್ವಯಂ ದೃಢೀಕರಿಸಿದ ಎರಡು ಜೆರಾಕ್ಸನ್ನೂ ಇಟ್ಟುಕೊಂಡು ಬಂದರು. ಅದೇ ಹುಡುಗಿ. ಜೆರಾಕ್ಸ್ ಏಕೆಂದು ಅವಳಿಗೆ ತಿಳಿಯಲಿಲ್ಲ, "ಫೈಲಿಗೆ" ಎಂದು ರಾಯರು ತಿಳಿಸಿದರು. ಪಾಸ್‌ಪೋರ್ಟಿನಲ್ಲಿ 01/06/1952 ಎಂದಿತ್ತು. ಅಮೆರಿಕದವರು ಮೊದಲು ತಿಂಗಳು, ಆಮೇಲೆ ದಿನ ಓದುವವರು. ಅವಳು ಜನವರಿ 6 ಎಂದು ಒತ್ತಿಕೊಂಡಳು, ಯಂತ್ರ ತಕರಾರಿಲ್ಲದೆ ಒಪ್ಪಿತು. ತಾಯಿ ಒಂದು, ಹೆಡ್ಮಾಸ್ತರು ಒಂದು, ಈಗ ಇವಳೊಂದು: ಹೀಗೆ ರಾಯರಿಗೆ ಮೂರು ಹುಟ್ಟಿದ ದಿನಗಳಾದವು. "ನಿಮ್ಮನ್ನು ನೋಡಿದರೆ ಎಪ್ಪತ್ತು ದಾಟಿದೆ ಅಂತ ಅನ್ನಿಸೋದೇ ಇಲ್ಲ" ಎಂದಳು ಹುಡುಗಿ. ರಾಯರು ಬಾಟಲಿ ಮರೆತು ಹೊರಟಿದ್ದರು, ಮಗ ಹಿಂದಿನಿಂದ ತಂದ.

"ನೋಡಿದ್ಯೇನೇ, ನನ್ನ ನೋಡಿದ್ರೆ ಗೊತ್ತೇ ಆಗಲ್ವಂತೆ" ಎಂದರು ಮನೆಗೆ ಬಂದು.

"ಅವಳೆಲ್ಲಿ ನಿಮ್ಮನ್ನ ನೋಡಿದ್ಲು? ಪಾಸ್‌ಪೋರ್ಟಿನ ಫೋಟೋ ನೋಡಿರ್ತಾಳೆ" ಎಂದರು ಅವರ ಮನೆಯವರು ತೊಗರಿಬೇಳೆ ಆರಿಸುತ್ತಾ. "ಅದು ನೀವು ಬಣ್ಣ ಹಚ್ಚುತ್ತಿದ್ದಾಗಿನದು."

ಅಲ್ಲಿಂದ ಮುಂದೆ ರಾಯರಿಗೆ ವಿಸ್ಕಿಗಿಂತ ವಿಚಾರಣೆಯೇ ಹೆಚ್ಚು ನಶೆ ಕೊಡತೊಡಗಿತು. ಒಂದು ಸಂಜೆ ಕೌಂಟರಿನಲ್ಲಿ ಬೆಳ್ಳಗಡ್ಡದ ಮುದುಕನಿದ್ದ. ರಾಯರ ಕಡೆ ಒಮ್ಮೆ ನೋಡಿ, ಏನೂ ಕೇಳದೆ, ಬಾಟಲಿ ಮುಂದಕ್ಕೆ ತಳ್ಳಿದ. ರಾಯರು ಪಾಸ್‌ಪೋರ್ಟ್ ಚಾಚಿದರು, ಅವನು ಬೇಡವೆಂದು ಕೈಯಾಡಿಸಿದ. ಮತ್ತೆ ಚಾಚಿದರು. ಮತ್ತೆ ಕೈಯಾಡಿಸಿದ. "ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ ಇರ್ಬೇಕು. ಹೀಗಾದ್ರೆ ಈ ದೇಶ ಉದ್ಧಾರ ಆಗಲ್ಲ" ಎಂದು ದಾರಿಯುದ್ದಕ್ಕೂ ಗೊಣಗಿದರು. ಮ್ಯಾನೇಜರಿಗೆ ಒಂದು ಅರ್ಜಿ ಬರೆದು ಕೊಡುವ ಆಲೋಚನೆಯೂ ಇತ್ತು. ಆಮೇಲೆ ಅವರು ಕೌಂಟರಿನವರ ತಲೆಗೂದಲು ನೋಡಿ ಸಾಲು ಆರಿಸತೊಡಗಿದರು.

ವಾಟ್ಸಾಪ್ ಕರೆಯಲ್ಲಿ ಕುವೆಂಪುನಗರದ ಪಾರ್ಕಿಗೆ ಸುದ್ದಿ ಮುಟ್ಟಿತು. "ಇಪ್ಪತ್ತೊಂದು ಆಗಿದೆಯಾ ಅಂತ ಕೇಳಿದ್ರು ಕಣಯ್ಯಾ!" ಆದರೆ ನ್ಯೂಜೆರ್ಸಿಗೆ ಹೋಗಿಬಂದ ಗೌಡರು, "ನನ್ನನ್ನೂ ಕೇಳಿದ್ರು" ಎಂದುಬಿಟ್ಟರು. ಬಾಗಿದ ಬೆನ್ನಿನ, ಊರುಗೋಲಿನ ಶೆಟ್ಟರನ್ನೂ ಕೇಳಿದ್ದರಂತೆ. ಟೆನೆಸಿಯಲ್ಲಿ ಮಗಳಿರುವ ಪಾಟೀಲರೊಬ್ಬರು ಮಾತ್ರ ಗಟ್ಟಿಯಾಗಿ ಕೆಮ್ಮಿ ವಿಷಯ ಬದಲಿಸಿದರು. ಆ ರಾಜ್ಯ 2007ರಲ್ಲಿ, ಬಿಯರ್ ಮನೆಗೆ ಒಯ್ಯುವವರು ಯಾರೇ ಆಗಲಿ ಗುರುತಿನ ಚೀಟಿ ತೋರಿಸಲೇಬೇಕು ಎಂಬ ಕಾನೂನನ್ನು ಜಾರಿಗೆ ತಂದಿತ್ತು. ಅಜ್ಜಂದಿರೆಲ್ಲ ಗಲಾಟೆ ಮಾಡಿದ ಮೇಲೆ, ನೋಡಿದರೆ 50 ದಾಟಿದವರಂತೆ ಕಾಣುವವರಿಗೆ ಬೇಡ ಎಂದು ಸಡಿಲಿಸಿತು. ಪಾಟೀಲರು ಕೂದಲಿಗೆ ಎಷ್ಟೇ ಬಣ್ಣ ಹಚ್ಚಿಕೊಂಡು ಹೋದರೂ ಅಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

ನವೆಂಬರಿಗೆ ಮುಂಚೆ ರಾಯರು ಮೈಸೂರಿಗೆ ಮರಳಲೇಬೇಕಿತ್ತು. ಆ ತಿಂಗಳು ಪಿಂಚಣಿದಾರರು ಬ್ಯಾಂಕಿಗೆ ಹೋಗಿ ತಾವಿನ್ನೂ ಇದ್ದೇವೆ ಎಂದು ಜೀವಂತ ಪ್ರಮಾಣಪತ್ರ ಕೊಡಬೇಕು. ರಾಯರ ಹೆಬ್ಬೆಟ್ಟನ್ನು ಯಂತ್ರ ಗುರುತಿಸಲಿಲ್ಲ, ಬೆರಳಿನ ಗೆರೆಗಳು ಸವೆದಿದ್ದವು. ಎಣ್ಣೆ ಹಚ್ಚಿ, ಒರೆಸಿ, ಮತ್ತೆ ಒತ್ತಿ, ಕೊನೆಗೆ ಮುಖ ತೋರಿಸಿ, ಬದುಕಿರುವುದನ್ನು ಖಚಿತಪಡಿಸಿ ಹೊರಬಂದರು. ಮನಸ್ಸು ಮುದುಡಿತ್ತು. ಸ್ಕೂಟರು ತಾನಾಗಿಯೇ ನಂಜನಗೂಡು ರಸ್ತೆಯ ಕಡೆ ತಿರುಗಿತು.

ಈ ಸಲ ಹೆಲ್ಮೆಟ್ ತೆಗೆದಿದ್ದರು. ಕಿಂಡಿಯ ಮುಂದೆ, ಕಾಲೇಜಿನ ಟ್ಯಾಗು ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಹುಡುಗನೊಬ್ಬ ಎರಡು ಬಿಯರ್ ತೆಗೆದುಕೊಂಡು ಬ್ಯಾಗಿಗೆ ತುರುಕುತ್ತಿದ್ದ. ರಾಯರೊಳಗಿನ ಶಿರಸ್ತೇದಾರ ಎದ್ದು ಕುಳಿತ.

"ಏನಪ್ಪಾ, ಇವನಿಗೆ ಇಪ್ಪತ್ತೊಂದು ಆಗಿದೆಯಾ ಅಂತ ಕೇಳಿದ್ಯಾ?"

"ಅಯ್ಯೋ, ನಮ್ ಹುಡುಗಾನೇ ಸಾರ್. ದಿನಾ ಬರ್ತಾನೆ."

"ದಿನಾ ಬಂದ್ರೆ ವಯಸ್ಸಾಗ್ಬಿಡುತ್ತಾ? ದಾಖಲೆ ಕೇಳ್ಬೇಕಯ್ಯಾ. ಹೋಗ್ಲಿ, ನನ್ನದನ್ನಾದ್ರೂ ಕೇಳು." ರಾಯರು ಜೇಬಿನಿಂದ ಪಾಸ್‌ಪೋರ್ಟ್ ತೆಗೆದು, ಹುಟ್ಟಿದ ತಾರೀಖಿನ ಪುಟ ಬಿಡಿಸಿ, ಸರಳುಗಳ ನಡುವಿನಿಂದ ಒಳಗೆ ಚಾಚಿದರು.

ಅಂಗಡಿಯವನು ಬಗ್ಗಿ ನೋಡಿದ. 1952 ಕಂಡಿತು. ಪಾಸ್‌ಪೋರ್ಟನ್ನು ಮಡಚಿ, ಕ್ವಾರ್ಟರಿನ ಜೊತೆ ಅದನ್ನೂ ಪೇಪರಿನಲ್ಲಿ ಸುತ್ತುತ್ತಾ ಹೇಳಿದ:

"ಸೀನಿಯರ್ ಸಿಟಿಜನ್‌ಗೆ ಅಂತ ರಿಯಾಯ್ತಿ ಏನೂ ಇಲ್ಲ ಸಾರ್. ಎಲ್ರಿಗೂ ಎಮ್ಮಾರ್ಪಿನೇ."