ಘಟ್ಟದಂಚಿನ ಬೈಕಿನಲ್ಲಿ ಸ್ವಿಚ್ಚಿನ ಸ್ಥಾನನಿರ್ಣಯ

ಬೈಕಿನ ದೀಪವಿರುವುದು ಬೆಳಗುವುದಕ್ಕೆ ಎಂಬ ಮತ ಬಯಲುಸೀಮೆಯ ಆಚಾರ್ಯರಲ್ಲಿ ಪ್ರಚಲಿತವಾಗಿದ್ದರೂ, ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿಯ ಕಾಫಿ ತೋಟಗಳ ನಡುವೆ, ಬಟನ್ ಟೈರಿನ ಬೈಕಿನಲ್ಲಿ ಕೆಸರು ಸೀಳಿಕೊಂಡು ಹೋಗುವವರ ಸಂಪ್ರದಾಯವು ಅದನ್ನು ಒಪ್ಪದೆ, ಬೇಕೆಂದಾಗ ಆರದ ದೀಪ ದೀಪವೇ ಅಲ್ಲವೆಂದು ಸಾಧಿಸುತ್ತದೆ. ಈ ಸಿದ್ಧಾಂತದ ಮೂಲ ಪ್ರವರ್ತಕರು ಕಾಡಾನೆಗಳು. ತಿರುವಿನಲ್ಲಿ ಅವು ಎದುರಾದರೆ ದೂರದಲ್ಲೇ ನಿಲ್ಲಬೇಕು, ಹಾರ್ನ್ ಒತ್ತಬಾರದು, ಕಣ್ಣಿಗೆ ಹೈಬೀಮ್ ಹಾಯಿಸಬಾರದು ಎಂಬ ವಿಧಿನಿಷೇಧಗಳು ಅಲ್ಲಿ ಶಾಲಾಮಕ್ಕಳಿಗೂ ಗೊತ್ತು.

ಇಂಥಲ್ಲಿ 2017ರ ಏಪ್ರಿಲ್‌ನಿಂದ, ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಹೆಡ್‌ಲೈಟ್ ತಾನಾಗಿಯೇ ಉರಿಯುವ ವ್ಯವಸ್ಥೆಯು ಹೊಸ ದ್ವಿಚಕ್ರವಾಹನಗಳಿಗೆ ಕಡ್ಡಾಯವಾಗಿ, ಹ್ಯಾಂಡಲ್ಲಿನ ಮೇಲಿದ್ದ ಹೆಡ್‌ಲೈಟ್ ಸ್ವಿಚ್ಚಿಗೆ ಲೋಪಸಂಧಿ ಸಂಭವಿಸಿತು. ಎದುರಿನ ಲಾರಿಯವನಿಗೆ ಬೈಕು ಕಾಣಲಿ ಎಂಬ ಸದುದ್ದೇಶ ನಿರ್ವಿವಾದವಾದರೂ, ಲಾರಿಗೆ ಕಾಣಿಸಿಕೊಂಡ ಫಲವೂ ಆನೆಗೆ ಕಾಣಿಸಿಕೊಂಡ ಫಲವೂ ಒಂದೇ ಅಲ್ಲವೆಂಬುದನ್ನು ನಿಯಮಕಾರರು ಚರ್ಚಿಸಿದಂತಿಲ್ಲ. ಈಗ ದೀಪ ಆರಬೇಕಾದರೆ ಎಂಜಿನ್ನೂ ಆರಬೇಕು. ಆರಿದ ಎಂಜಿನ್ ಮತ್ತೆ ಹೊತ್ತಿಕೊಳ್ಳುವುದೆಂಬುದು ಶ್ರದ್ಧೆಯ ವಿಷಯ.

ಕಾರ್ಖಾನೆಯ ದೀಪ ಹೀಗೆ ಕೈಮೀರಿದ್ದರಿಂದ, ಮಂಜು ಕವಿಯುವ ಮಳೆಗಾಲಕ್ಕೆಂದು ಕಟ್ಟಿಸಿಕೊಳ್ಳುವ ಫಾಗ್‌ಲೈಟಿನಲ್ಲಾದರೂ ಸವಾರನ ಸ್ವಾತಂತ್ರ್ಯ ಉಳಿಯಬೇಕೆಂಬ ವಾದ ಹುಟ್ಟಿತು. 55 ವಾಟಿನ ಹ್ಯಾಲೊಜನ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುವುದರಿಂದ, ಅಂಥ ಎರಡನ್ನು ಬೆರಳುಗಾತ್ರದ ಸ್ವಿಚ್ಚಿನ ಮೂಲಕವೇ ಹಾಯಿಸಿದರೆ ಸ್ವಿಚ್ಚು ಕರಗುತ್ತದೆ; ಆದ್ದರಿಂದ ರಿಲೇ, ಅಂದರೆ ಅಲ್ಪ ವಿದ್ಯುತ್ತಿನ ಆಜ್ಞೆಯಿಂದ ಅಧಿಕ ವಿದ್ಯುತ್ತನ್ನು ಬಿಡುವ ಡಬ್ಬಿ, ಅವಶ್ಯ. ಅದರ ಕಾಲುಗಳ ಮೇಲಿನ 30, 85, 86, 87 ಎಂಬ ಅಂಕಿಗಳು ಶಾಸನದ ಕಾಲಸೂಚಿಗಳಲ್ಲ, ಜರ್ಮನಿಯ ಮಾನಕದವು: 30ಕ್ಕೆ ಬ್ಯಾಟರಿ, 87ಕ್ಕೆ ದೀಪ, ಉಳಿದೆರಡು ಒಳಗಿನ ಸುರುಳಿಗೆ.

ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಬೇಕೇ ಎಂಬಲ್ಲಿ ಮಾತ್ರ ಇನ್ಸುಲೇಷನ್ ಟೇಪನ್ನೇ ಪರಮಪ್ರಮಾಣವೆಂದು ನಂಬಿದ ಒಂದು ಪಂಥದ ವಿರೋಧವಿದೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸಬೇಕೆಂಬ ತಾರ್ಕಿಕರ ಹಳೆಯ ಉದಾಹರಣೆಯು ಸಕಲೇಶಪುರದ ಬೆಟ್ಟದಲ್ಲಿ, ಸೀಟಿನಡಿಯಿಂದ ಹೊಗೆ ಎದ್ದ ದಿನ, ಆ ಪಂಥದವರಿಗೆ ಹೊಸ ಅರ್ಥದಲ್ಲಿ ಹೊಳೆಯುತ್ತದೆ.

ಇದಕ್ಕಿಂತ ಗಹನವಾದುದು ಅರ್ತ್ ತತ್ತ್ವ. ದೀಪದಿಂದ ಹೊರಟ ವಿದ್ಯುತ್ತು ಚಾಸಿಯ ಲೋಹದ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಈ ಮಾರ್ಗಕ್ಕೆ ಬೋಲ್ಟಿನಡಿಯ ಬಣ್ಣ, ತುಕ್ಕು, ಆಷಾಢದ ಕೆಸರು ಇಷ್ಟರಲ್ಲಿ ಯಾವುದೊಂದು ಅಡ್ಡ ಬಂದರೂ ದೀಪ ಮಂಕಾಗುತ್ತದೆ. "ಅರ್ತ್ ಸಿಕ್ತಿಲ್ಲ ಅಣ್ಣ" ಎಂಬ ಮೆಕ್ಯಾನಿಕರ ಸೂತ್ರವು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದ ವೈಶೇಷಿಕರಿಗೆ ಸಮ್ಮತವಾದೀತು. ಇಲ್ಲದ ವಸ್ತುವಿಗೆ ಬಿಲ್ಲು ಬರೆಯುವ ಕ್ರಮ ಮಾತ್ರ ಅವರಿಗೆ ತಿಳಿದಿರಲಿಲ್ಲ.

ಕೊನೆಯದು ಸ್ಥಾನ. ಎಡ ಹೆಬ್ಬೆರಳು ಹಾರ್ನ್, ಇಂಡಿಕೇಟರ್, ಡಿಪ್ಪರ್‌ಗಳೆಂಬ ಮೂರು ಹೊಣೆ ಹೊತ್ತಿರುವಾಗ ನಾಲ್ಕನೆಯದನ್ನೂ ಅಲ್ಲೇ ಕಟ್ಟಿದರೆ, ಒದ್ದೆ ಗ್ಲೌಸಿನ ಕತ್ತಲಲ್ಲಿ ದೀಪ ಆರಿಸಹೋಗಿ ಹಾರ್ನ್ ಒತ್ತುವ ಮಹಾದೋಷ ಪ್ರಾಪ್ತವಾಗುವುದರಿಂದ, ಫಾಗ್‌ಲೈಟಿನ ಸ್ವಿಚ್ಚು ಬಲಕ್ಕೇ ಇರತಕ್ಕದ್ದು. ಬಲಗೈ ಆಕ್ಸಿಲರೇಟರಿನಲ್ಲಿ ತೊಡಗಿರುತ್ತದಲ್ಲ ಎಂಬ ಪೂರ್ವಪಕ್ಷಕ್ಕೆ, ಆನೆಯ ಎದುರು ಆಕ್ಸಿಲರೇಟರ್ ತಿರುಗಿಸುವವನಿಗೆ ಸ್ವಿಚ್ಚು ಯಾವ ಕಡೆಗಿದ್ದರೂ ಒಂದೇ ಎಂಬುದು ಸಮಾಧಾನ.