ಏಳೋ ಹೊತ್ತು

ಇವತ್ತೂ ಮುಖ ಬಾಡಿದೆಯಲ್ರೀ. ರಾತ್ರಿ ನೋವು ಬಂತಾ? ಇಲ್ವಾ? ಹಾಗಾದ್ರೆ ಇದು ಮೊನ್ನೆಯ ನೋವು ಬಿಟ್ಟುಹೋದ ಸುಸ್ತು. ಗೋಡೆಗೆ ಒರಗಿ ನಿಂತ್ಕೊಳ್ಳಿ, ಈ ಕಡೆ ಬೇವಿನ ನೆರಳಿದೆ. ಚೆನ್ನೈ ಮಾಂಬಲದ ಹತ್ತು ಗಂಟೆ ಬಿಸಿಲಿಗೆ ಕಣ್ಣು ಕೊಡಬೇಡಿ.

"ಒಂಬತ್ತಕ್ಕೇ ಮಲಗ್ತಾಳೆ, ಆದ್ರೂ ಏಳೋವಾಗ ಸುಸ್ತು ಅಂತಾಳೆ" ಅಂತ ನಿಮ್ಮತ್ತೆ ಫೋನಲ್ಲಿ ಯಾರಿಗೋ ಹೇಳ್ತಿದ್ದದ್ದು ನನ್ನ ಕಿವಿಗೂ ಬಿತ್ತು. ಬೇಜಾರು ಮಾಡ್ಕೋಬೇಡಿ. ಮೈಗ್ರೇನು, ಈ ಅರೆತಲೆನೋವು, ಅಂದ್ರೆ ತಲೆ ಸಿಡಿಯೋ ಆ ಕೆಲವು ಗಂಟೆ ಮಾತ್ರ ಅಂತ ಎಷ್ಟೋ ಜನ ತಿಳ್ಕೊಂಡಿದ್ದಾರೆ. ಅಷ್ಟೇ ಅಲ್ಲ. ನೋವಿಗೆ ಒಂದು ದಿನ ಮೊದಲೇ ಆಕಳಿಕೆ ಮೇಲೆ ಆಕಳಿಕೆ, ಕುತ್ತಿಗೆ ಬಿಗಿತ, ಸಿಹಿ ತಿನ್ನೋ ಆಸೆ, ಕಾರಣವಿಲ್ಲದ ಸಿಡುಕು. ನೋವು ಇಳಿದ ಮೇಲೂ ಒಂದೆರಡು ದಿನ ಮೈಯಲ್ಲಿ ಕಸುವಿಲ್ಲ, ತಲೆಗೆ ಮಂಕು. ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಅಂತ ಒಂದು ಪುಟ್ಟ ಭಾಗ ಇದೆ. ನಿದ್ದೆ, ಹಸಿವು, ಮೈಯ ಬಿಸಿ ಎಲ್ಲ ಅದರ ಉಸ್ತುವಾರಿ. ನೋವು ಏಳೋಕೆ ಮುಂಚೆಯೇ ಅಲ್ಲಿ ಏರುಪೇರಾಗೋದು ಸ್ಕ್ಯಾನಿನಲ್ಲೇ ಕಂಡಿದೆ. ಸುಸ್ತೂ ಕಾಯಿಲೆಯದೇ ಕೆಲಸ ಕಣ್ರೀ. ಯಾರಾದ್ರೂ ಸೋಮಾರಿತನ ಅಂದ್ರೆ ನನ್ನ ಹತ್ತಿರ ಕಳಿಸಿ.

ತಿಂಗಳಿಗೆ 15 ದಿನವೋ ಅದಕ್ಕಿಂತ ಹೆಚ್ಚೋ ತಲೆನೋವು, ಅದರಲ್ಲಿ ಕಡೇಪಕ್ಷ 8 ದಿನ ಮೈಗ್ರೇನಿನ ಲಕ್ಷಣ, ಹೀಗೆ ಮೂರು ತಿಂಗಳು ದಾಟಿದ್ರೆ ಡಾಕ್ಟರು ಕ್ರಾನಿಕ್ ಅಂತಾರೆ. ಇಂಥವರಿಗೆ ನೋವಿನ ದಿನ, ಅದರ ಹಿಂದುಮುಂದಿನ ಸುಸ್ತಿನ ದಿನ ಕಳೆದ್ರೆ ತಿಂಗಳಲ್ಲಿ ಉಳಿಯೋದೆಷ್ಟು ಹೇಳಿ. ನೋವಿನ ದಿನ ರಜೆ ಕೊಡೋರು ಮಾರನೇ ದಿನಾನೂ ಕೊಡಬೇಕು ಅನ್ನೋದು ನನ್ನ ಹಟ.

ನಿಮ್ಮೊಬ್ಬರ ಕಥೆ ಅಂದ್ಕೋಬೇಡಿ. ಬೆಂಗಳೂರು ಊರೊಳಗೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 2,329 ಜನರನ್ನ ವಿಚಾರಿಸಿದ್ರು, ನಿಮ್ಹಾನ್ಸಿನವರು ಸೇರಿ. ಆ ಅಧ್ಯಯನ 2015ರಲ್ಲಿ ಅಚ್ಚಾಯಿತು. ಒಂದು ವರ್ಷದೊಳಗೆ ಮೈಗ್ರೇನ್ ಕಾಡಿದವರು ನೂರಕ್ಕೆ 25, ಹೆಂಗಸರೇ ಹೆಚ್ಚು. ಈ ಬೀದಿಯಲ್ಲೂ ಇರ್ತಾರೆ, ಹಣೆಗೆ ಅಮೃತಾಂಜನ ಹಚ್ಕೊಂಡು ಬಸ್ಸು ಹತ್ತುತ್ತಾರೆ ಅಷ್ಟೆ. ಆ ಹಳದಿ ಡಬ್ಬಿ ನಮ್ಮ ಮೈಲಾಪುರದ್ದೇ, ಗೊತ್ತಾ? ಕಾಶೀನಾಥುನಿ ನಾಗೇಶ್ವರ ರಾಯರು 1893ರಲ್ಲಿ ಬೊಂಬಾಯಿಯಲ್ಲಿ ಶುರು ಮಾಡಿದ್ದು, ಆಮೇಲೆ ಮೈಲಾಪುರದ ಲಜ್ ಕಡೆ ಬಂತು. ಹಚ್ಚಿದಾಗ ತಂಪಾಗುತ್ತೆ, ನಿಜ. ನಿದ್ದೆ ತಂದುಕೊಡಲ್ಲ.

ನಿದ್ದೆ ವಿಷಯಕ್ಕೆ ಬರ್ತೀನಿ. ನೋವಿಂದ ನಿದ್ದೆ ಕೆಡುತ್ತೆ, ನಿದ್ದೆ ಕೆಟ್ರೆ ನೋವು ಬರುತ್ತೆ, ಇದು ಎಲ್ಲರಿಗೂ ಗೊತ್ತು. ಜಾಸ್ತಿ ಮಲಗಿದ್ರೂ ಬರುತ್ತೆ ಅನ್ನೋದು ಮಾತ್ರ ಯಾರೂ ಹೇಳಲ್ಲ. ವಾರವೆಲ್ಲ ಐದೂವರೆಗೆ ಎದ್ದು, ಭಾನುವಾರ ಒಂಬತ್ತರ ತನಕ ಮಲಗಿದ್ರೆ ಮಧ್ಯಾಹ್ನದೊಳಗೆ ತಲೆ ಹಿಡಿಯುತ್ತೆ. ಹಾಗಾಗಿ ಮಲಗೋ ಹೊತ್ತಿಗಿಂತ ಏಳೋ ಹೊತ್ತನ್ನ ಕಾಪಾಡ್ಕೊಳ್ಳಿ ಅಂತೀನಿ ನಾನು. ನಿದ್ದೆ ಹತ್ತೋದು ನಮ್ಮ ಕೈಲಿಲ್ಲ, ಏಳೋದು ಹೆಚ್ಚುಕಮ್ಮಿ ಇದೆ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಕ್ರಾನಿಕ್ ಮೈಗ್ರೇನಿನ 43 ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿದ್ರು, 2007ರಲ್ಲಿ ಪ್ರಕಟವಾಯಿತು. ಹೇಳಿಕೊಟ್ಟದ್ದು ದೊಡ್ಡ ವಿದ್ಯೆಯೇನಲ್ಲ. ದಿನಾ ಒಂದೇ ಹೊತ್ತಿಗೆ ಮಲಗಿ ಎಂಟು ಗಂಟೆ ಹಾಸಿಗೆಯಲ್ಲಿರೋದು, ಹಾಸಿಗೆ ಮೇಲೆ ಟಿವಿ, ಓದು, ಹಾಡು ಬಿಡೋದು, ರಾತ್ರಿ ಊಟ ಮಲಗೋಕೆ ನಾಲ್ಕು ಗಂಟೆ ಮುಂಚೆ ಮುಗಿಸೋದು, ಮಲಗೋ ಎರಡು ಗಂಟೆಯೊಳಗೆ ನೀರು ಕಡಿಮೆ ಕುಡಿಯೋದು, ಹಗಲು ಮಲಗದೇ ಇರೋದು. ಹಲವರಿಗೆ ನೋವಿನ ದಿನಗಳು ಇಳಿದವು. ಚಿಕ್ಕ ಅಧ್ಯಯನ, ಆದರೂ ಕಾಸು ಖರ್ಚಿಲ್ಲದ ದಾರಿ ಅಂತ ನನಗೆ ಅದರ ಮೇಲೆ ಪ್ರೀತಿ.

ನಾಲ್ಕು ಗಂಟೆ ಮುಂಚೆ ಊಟ ಅಂದ್ರೆ ನಮ್ಮ ಮನೆಗಳಲ್ಲಿ ಆಗುತ್ತಾ? ಆಗಲ್ಲ. ಏಳೂವರೆಗೆ ಮೊಸರನ್ನ ಉಂಡುಬಿಡಿ, ಗಂಡಸರ ಊಟಕ್ಕೆ ಕಾಯಬೇಡಿ. ಹಸ್ಕೊಂಡು ಕಾಯೋದೇ ಎಷ್ಟೋ ಜನಕ್ಕೆ ನೋವು ತರುತ್ತೆ.

ಈ ಊರಿನ ರಾತ್ರಿಯದೇ ಇನ್ನೊಂದು ಕಷ್ಟ. ನಿದ್ದೆ ಹತ್ತಬೇಕಾದ್ರೆ ಮೈಯೊಳಗಿನ ಬಿಸಿ ಸ್ವಲ್ಪ ಇಳೀಬೇಕು. ಮೇ ತಿಂಗಳ ಕತ್ತರಿ ಬಿಸಿಲಿನ ದಿನಗಳಲ್ಲಿ ಬೆವರು ಆರೋದೇ ಇಲ್ಲ, ಬಿಸಿ ಹೇಗೆ ಇಳೀಬೇಕು? ಮೈಸೂರಿನಿಂದ ಬಂದ ನಿಮಗಂತೂ ಇದು ಹಿಂಸೆ. ಮಲಗೋಕೆ ಒಂದು ಗಂಟೆ ಮೊದಲು ಉಗುರುಬೆಚ್ಚಗಿನ ನೀರು ಹುಯ್ಕೊಳ್ಳಿ, ತಣ್ಣೀರು ಬೇಡ. ಎಸಿ ಇದ್ರೆ 26ಕ್ಕಿಟ್ಟು ಫ್ಯಾನು ಹಾಕಿ, ಗಾಳಿ ನೇರ ಹಣೆಗೆ ಬೀಳದ ಹಾಗೆ ತಲೆದಿಂಬು ತಿರುಗಿಸಿ. ಬೀದಿದೀಪ ಕಿಟಕಿಯಿಂದ ಕಣ್ಣಿಗೆ ಹೊಡೆಯುತ್ತಲ್ಲ, ನಾನು ಹಳೇ ಸುಂಗುಡಿ ಸೀರೆ ಎರಡು ಮಡಿಕೆ ಮಾಡಿ, ಅಂಚನ್ನ ಸರಳಿಗೆ ಗಂಟು ಹಾಕಿದ್ದೀನಿ. ಬೆಳಕು ಸೋರಲ್ಲ, ಗಾಳಿ ಬರುತ್ತೆ. ಇನ್ನೊಂದು ಸೀರೆ ಇದೆ, ಸಂಜೆ ಕೊಡ್ತೀನಿ.

ಡಿಸೆಂಬರ್ ನಡುವೆ ಮಾರ್ಗಳಿ ತಿಂಗಳು ಬಂದ್ರೆ ದೇವಸ್ಥಾನದ ಮೈಕು ನಸುಕಿಗೇ ತಿರುಪ್ಪಾವೈ ಹಾಕುತ್ತೆ. ಅದನ್ನ ನಿಲ್ಲಿಸೋಕಾಗಲ್ಲ, ನಿಲ್ಲಿಸಲೂಬಾರದು. ಡಿಸೆಂಬರ್ ಶುರುವಿನಿಂದಲೇ ಕಾಲು ಕಾಲು ಗಂಟೆಯಂತೆ ಮಲಗೋದನ್ನೂ ಏಳೋದನ್ನೂ ಬೇಗಕ್ಕೆ ತಂದ್ಕೊಳ್ಳಿ. ಒಂದೇ ಸಲ ಬದಲಾಯಿಸಿದ್ರೆ ತಲೆ ಸುಮ್ಮನಿರಲ್ಲ.

ಕಾಫಿ ಬಿಡಿ ಅಂದ್ರೆ ಈ ಊರಲ್ಲಿ ಯಾರೂ ಕೇಳಲ್ಲ, ನಾನೂ ಹೇಳಲ್ಲ. ಒಂದೇ ಸಲ ಬಿಟ್ರೆ ಅದಕ್ಕೇ ತಲೆನೋವು ಬರುತ್ತೆ. ನಾಲ್ಕು ಗಂಟೆ ಟಿಫಿನ್ ಕಾಫಿಯನ್ನ ಮಾತ್ರ ನಿಧಾನಕ್ಕೆ ಕರಗಿಸಿ. ಐದಾರು ಗಂಟೆ ಕಳೆದ್ರೂ ಅದರ ಅರ್ಧ ಶಕ್ತಿ ಮೈಯಲ್ಲೇ ಇರುತ್ತೆ. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇದೆ, ಸ್ಟ್ರಿಪ್ಪಿನ ಹಿಂದೆ ಓದಿ ನೋಡಿ. ಮಾತ್ರೆ ಅಂದದ್ದಕ್ಕೆ ಹೇಳ್ತೀನಿ: ಎರಡು ಮೂರು ಮದ್ದು ಬೆರೆಸಿದ ಮಾತ್ರೆ, ಮೈಗ್ರೇನಿಗೇ ಕೊಡೋ ಟ್ರಿಪ್ಟಾನ್ ಇಂಥವನ್ನ ತಿಂಗಳಿಗೆ 10 ದಿನ, ಬರೀ ಪ್ಯಾರಸಿಟಮಾಲನ್ನ 15 ದಿನ ನುಂಗಿ, ಹಾಗೇ ತಿಂಗಳುಗಟ್ಟಲೆ ನಡೆದ್ರೆ ಮಾತ್ರೆಯೇ ತಲೆನೋವು ತರೋಕೆ ಶುರು ಮಾಡುತ್ತೆ. ನೋವು ಬಾರದಿರಲಿ ಅಂತ ದಿನಾ ಕೊಡೋ ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್ ಬೇರೆ. ಅವು ಬೆಳಿಗ್ಗೆ ಮಂಪರು ಉಳಿಸಬಹುದು. ಸುಸ್ತು ಕಾಯಿಲೆಯದೋ, ಮಾತ್ರೆಯದೋ, ರಕ್ತ ಕಡಿಮೆಯೋ, ಥೈರಾಯ್ಡೋ, ಡಾಕ್ಟರು ನೋಡ್ಲಿ. ನೀವೇ ನಿಲ್ಲಿಸಿಬಿಡಬೇಡಿ. ರಾತ್ರಿ ಜೋರಾಗಿ ಗೊರಕೆ ಹೊಡೀತೀನಾ ಅಂತ ಯಜಮಾನರನ್ನ ಕೇಳಿ, ಅದನ್ನೂ ಡಾಕ್ಟರಿಗೆ ಹೇಳ್ಬೇಕು, ನಾಚ್ಕೋಬೇಡಿ.

ಇವತ್ತಿಂದಲೇ ಕ್ಯಾಲೆಂಡರಿನಲ್ಲಿ ಬರೀರಿ: ನೋವಿನ ದಿನ, ಸುಸ್ತಿನ ದಿನ, ಎದ್ದ ಹೊತ್ತು, ನುಂಗಿದ ಮಾತ್ರೆ. ಒಂದು ತಿಂಗಳಾದ ಮೇಲೆ ಸೆಂಟ್ರಲ್ ಸ್ಟೇಷನ್ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆಗೆ ಹೋಗೋಣ, ಅಲ್ಲಿ ನರರೋಗದ ಡಾಕ್ಟರಿದ್ದಾರೆ. ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆ ಬೇಗ ಹೊರಡಬೇಕು. ತಮಿಳಿಗೆ ನಾನಿದ್ದೀನಿ. ನಿಮ್ಮತ್ತೆಯನ್ನೂ ಕರ್ಕೊಂಡು ಬನ್ನಿ, ಡಾಕ್ಟರ ಬಾಯಿಂದಲೇ ಕೇಳಲಿ.