ಬೋರ್ಡಿಗಾಗಿ ಬಾಳುವವರು

ಪುಕ್ಕಟೆ ಹಂಚುವವರ ನಡುವೆ ಪೈಪೋಟಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ಓಪನ್ ಸೋರ್ಸ್ ಮಂದಿಯ ಪರಿಚಯವಿಲ್ಲ. ಇವರು ಕೋಡನ್ನು ಊರಿಗೆಲ್ಲ ಧಾರೆ ಎರೆಯುತ್ತಾರೆ. ಹೆಸರನ್ನು ಮಾತ್ರ ಪಕ್ಕದವನಿಗೂ ಬಿಟ್ಟುಕೊಡುವುದಿಲ್ಲ.

ಓಪನ್‌ಆಫೀಸ್‌ನದೇ ಕಥೆ ತಗೊಳ್ಳಿ. ಸನ್ ಕಂಪನಿ 2000ದಲ್ಲಿ ತೆರೆದಿಟ್ಟ ಈ ಕಚೇರಿ ತಂತ್ರಾಂಶ, 2010ರಲ್ಲಿ ಸನ್ ಸಮೇತ ಒರಾಕಲ್ ಕೈಸೇರಿತು. ಹೊಸ ಯಜಮಾನರನ್ನು ನಂಬದ ಡೆವಲಪರ್‌ಗಳು ಅದೇ ಸೆಪ್ಟೆಂಬರಿನಲ್ಲಿ ಪಾಲಾಗಿ ಲಿಬ್ರೆಆಫೀಸ್ ಕಟ್ಟಿದರು. ಹಳೆಯ ಹೆಸರನ್ನೂ ಕೊಟ್ಟುಬಿಡಿ ಎಂದು ಕೇಳಿದರು. ಒರಾಕಲ್ ಮರುವರ್ಷ ಕೊಟ್ಟಿತು, ಅಪಾಚೆ ಫೌಂಡೇಶನ್‌ಗೆ! ದುಡಿಯುವ ಕೈಗಳು ಒಂದು ಮನೆಯಲ್ಲಿ, ಬೋರ್ಡು ಇನ್ನೊಂದರಲ್ಲಿ.

ಲೈಸೆನ್ಸಿನ ಚಂದ ಇನ್ನೂ ಬೇರೆ. ಅಪಾಚೆಯವರ ಕೋಡನ್ನು ಲಿಬ್ರೆಯವರು ಧಾರಾಳವಾಗಿ ಬಳಸಬಹುದು. ಲಿಬ್ರೆಯವರದನ್ನು ಅಪಾಚೆಯವರು ಮುಟ್ಟಿದರೆ ಮಡಿ ಕೆಟ್ಟೀತು. ಎರಡೂ ಕಡೆಯವರು ಸ್ವಾತಂತ್ರ್ಯ ಪ್ರೇಮಿಗಳೇ, ಅನುಮಾನ ಬೇಡ.

ಸ್ಪರ್ಧೆಯಿಂದ ಗುಣಮಟ್ಟ ಬೆಳೆಯುತ್ತದಲ್ಲ ಎಂದು ಕೆಲವರ ವಾದ. ಬೆಳೆದದ್ದು ನಿಜ, ಒಂದೇ ಕಡೆ. ಹ್ಯಾಂಬರ್ಗಿನ ಮೂಲ ಡೆವಲಪರ್‌ಗಳು ಕೋಡಿನ ನಡುವೆ ಬರೆದಿಟ್ಟಿದ್ದ ಜರ್ಮನ್ ಟಿಪ್ಪಣಿಗಳನ್ನು ಕೂಡ ಲಿಬ್ರೆಯವರು ಕೂತು ಇಂಗ್ಲಿಷಿಗೆ ತಂದರು. ಅತ್ತ 2014ರಲ್ಲಿ 4.1ಕ್ಕೆ ಬಂದ ಓಪನ್‌ಆಫೀಸ್, ಆಮೇಲೆ ಹೆಚ್ಚಿಸಿಕೊಂಡದ್ದು ಎರಡನೇ ಚುಕ್ಕಿಯ ಆಚೆಗಿನ ಅಂಕಿಯನ್ನಷ್ಟೆ. ಅದರಲ್ಲಿ ಮೈಕ್ರೋಸಾಫ್ಟ್ ವರ್ಡ್‌ನ ಡಾಕ್ಸ್ ಫೈಲು ತೆರೆಯಿರಿ, ತೆರೆಯುತ್ತದೆ. ಒಂದು ಸಾಲು ತಿದ್ದಿ ‘ಸೇವ್ ಆ್ಯಸ್’ ಒತ್ತಿ. ಪಟ್ಟಿಯಲ್ಲಿ ಹಳೆಯ ಡಾಕ್ ಇದೆ, ಓಡಿಟಿ ಇದೆ, ಡಾಕ್ಸ್ ಇಲ್ಲ. ಬಂದದ್ದನ್ನು ಇಟ್ಟುಕೊಳ್ಳುತ್ತೇವೆ, ಬಂದ ಹಾಗೆ ವಾಪಸು ಕೊಡುವುದಿಲ್ಲ ಎಂಬ ನಿಲುವು. ಇದಕ್ಕೆ ಮೈಕ್ರೋಸಾಫ್ಟ್ ಯಾರಿಗೂ ಒಂದು ಕಾಸು ಲಂಚ ಕೊಟ್ಟಿಲ್ಲ. ಕೊಡುವ ಅಗತ್ಯವೂ ಬೀಳಲಿಲ್ಲ.

2020ರಲ್ಲಿ, ಓಪನ್‌ಆಫೀಸ್‌ಗೆ ಇಪ್ಪತ್ತು ತುಂಬಿದಾಗ, ಲಿಬ್ರೆಯವರು ಬಹಿರಂಗ ಪತ್ರ ಬರೆದು ಬೇಡಿಕೊಂಡರು: ‘ಲಿಬ್ರೆಆಫೀಸ್ ಎಂಬುದೂ ಒಂದಿದೆ ಎಂದು ನಿಮ್ಮ ಬಳಕೆದಾರರಿಗೆ ತಿಳಿಸಿ.’ ಹುಟ್ಟುಹಬ್ಬದ ದಿನ ಅಂಗಡಿ ಮುಚ್ಚಿ ಎಂಬ ಶುಭಾಶಯ! ಮುಚ್ಚಲಿಲ್ಲ. ಹಳೆಯ ಹೆಸರು ನೆನಪಿಟ್ಟ ಜನ ಹುಡುಕಿಕೊಂಡು ಬರುತ್ತಲೇ ಇದ್ದಾರೆ, ಇಳಿಸಿಕೊಳ್ಳುತ್ತಲೇ ಇದ್ದಾರೆ.

ನಿಮ್ಮೂರ ಶಾಲೆಯ ಕಂಪ್ಯೂಟರಿನಲ್ಲಿ ಓಪನ್‌ಆಫೀಸ್‌ನ ಹಾರುವ ಹಕ್ಕಿಗಳ ಲಾಂಛನ ಕಂಡರೆ, ದಯವಿಟ್ಟು ಇವತ್ತೇ ಅದನ್ನು ತೆಗೆದು ಲಿಬ್ರೆಆಫೀಸ್ ಹಾಕಿಕೊಡಿ. ಅದಕ್ಕೂ ದುಡ್ಡಿಲ್ಲ.